ಆನರ್ಸ್ ಪದವಿ: ನಾಲ್ಕನೆಯ ಮೆಟ್ಟಿಲು

‘ಆನರ್ಸ್’ ಎಂಬುದು ಬರಿಯ ಬಿರುದಲ್ಲ. ಒಂದು ವಿಷಯದ ಆಳವಾದ ವ್ಯಾಸಂಗಕ್ಕೆ ಸಲ್ಲುವ ಮನ್ನಣೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ 2021-22ರಲ್ಲಿ ನಮ್ಮ ರಾಜ್ಯದಲ್ಲಿ ಇದು ಜಾರಿಗೆ ಬಂದಿತು: ಮೂರು ವರ್ಷಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. 2024ರಲ್ಲಿ ಸರ್ಕಾರವು ಹೊಸಬರಿಗೆ ಮೂರು ವರ್ಷಗಳ ಪದವಿಯನ್ನೇ ಮರಳಿ ತಂದಿತು. ಮೊದಲೇ ಸೇರಿದ್ದವರಿಗೆ ನಾಲ್ಕನೆಯ ವರ್ಷವನ್ನು ಐಚ್ಛಿಕವಾಗಿ ಉಳಿಸಿತು. 2023-24ರಲ್ಲಿ ಸೇರಿದವರೇ ಆ ಸಾಲಿನ ಕಡೆಯವರು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ರೈತರ ಮಕ್ಕಳಿಗೆ ಇನ್ನೊಂದು ವರ್ಷದ ಓದೆಂದರೆ ಒಂದು ವರ್ಷದ ಸಂಪಾದನೆಯ ತ್ಯಾಗ. ಪ್ರತಿಫಲವೂ ಉಂಟು: ಆನರ್ಸ್ ಮುಗಿಸಿದವರಿಗೆ ಒಂದೇ ವರ್ಷದ ಸ್ನಾತಕೋತ್ತರ ವ್ಯಾಸಂಗವನ್ನು ಆ ನೀತಿ ಕಲ್ಪಿಸಿದೆ. ಅದರ ಏರ್ಪಾಡು ತಾವು ಬಯಸುವ ವಿಶ್ವವಿದ್ಯಾನಿಲಯದಲ್ಲಿ ಉಂಟೇ ಎಂದು ಮೊದಲೇ ವಿಚಾರಿಸತಕ್ಕದ್ದು. ಓದುವ ಹಂಬಲವುಳ್ಳವರು ಹಣವಿಲ್ಲದೆ ಮೂರನೆಯ ಮೆಟ್ಟಿಲಿನಲ್ಲಿಯೇ ನಿಲ್ಲದಂತೆ ನೋಡಿಕೊಳ್ಳುವುದು ದಾನಿಗಳ, ಹಳೆಯ ವಿದ್ಯಾರ್ಥಿಗಳ ಹೊಣೆ.