ಚಿರತೆಗೊಂದು, ತೇಜಸ್‌ಗೊಂದು: ಉದ್ದ ಲೆನ್ಸಿನ ಲೆಕ್ಕ

ಕಬಿನಿ ಹಿನ್ನೀರಿನ ಕಾಡು, ಬೆಳಗಿನ ಆರೂವರೆ. ಕೊಂಬೆಯ ಮೇಲೆ ಚಿರತೆಯೊಂದು ಕಾಲು ಇಳಿಬಿಟ್ಟು ಮಲಗಿದೆ. ಜೀಪಿನ ಎಂಜಿನ್ ಆರಿದೆ. ಹೊತ್ತು ಮೂಡಿದ್ದರೂ ಎಲೆಗಳ ಚಪ್ಪರದಡಿ ಇನ್ನೂ ಮಬ್ಬು.

ಈಗ ಯಲಹಂಕ ವಾಯುನೆಲೆಗೆ ಬನ್ನಿ. ಏರೋ ಇಂಡಿಯಾದ ಮಧ್ಯಾಹ್ನ, ಫೆಬ್ರುವರಿಯ ಉರಿಬಿಸಿಲು. ಸೂರ್ಯಕಿರಣ ತಂಡದ ಒಂಬತ್ತು ಹಾಕ್ ವಿಮಾನಗಳು ಒತ್ತೊತ್ತಾಗಿ ಹಾರಿ ಬಂದು, ಕಣ್ಣೆದುರೇ ಒಡೆದು ದಿಕ್ಕಿಗೊಂದಾಗಿ ಚದುರುತ್ತವೆ.

ಎರಡೂ ಕಡೆ ಜನರ ಕೈಯಲ್ಲಿರುವುದು ಉದ್ದ ಲೆನ್ಸೇ. ಆದರೆ ಮೊದಲನೆಯ ಕಡೆ ಸಾಲದಿರುವುದು ಬೆಳಕು, ಎರಡನೆಯ ಕಡೆ ಸಮಯ. ಹೊಸದಾಗಿ ಲೆನ್ಸ್ ಕೊಳ್ಳುವವರು ‘ಝೂಮ್ ತಗೊಳ್ಳಲೋ ಪ್ರೈಮ್ ತಗೊಳ್ಳಲೋ’ ಎಂದು ಕೇಳುತ್ತಾರೆ. ನಿಮಗೆ ಈ ಎರಡರಲ್ಲಿ ಯಾವುದು ಸಾಲದೆ ಬರುತ್ತಿದೆ ಎಂದು ತಿಳಿದರೆ ಆ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ಮಿಂಚುಳ್ಳಿಯ ಲೆಕ್ಕ

ಪ್ರೈಮ್ ಎಂದರೆ ಒಂದೇ ಫೋಕಲ್ ಲೆಂತ್ ಇರುವ ಲೆನ್ಸ್, ಉದಾಹರಣೆಗೆ 600 ಮಿ.ಮೀ. ಝೂಮ್‌ನಲ್ಲಿ ಉಂಗುರ ತಿರುಗಿಸಿ 200ರಿಂದ 600ರವರೆಗೆ ಬದಲಿಸಬಹುದು. ಈ ಸಂಖ್ಯೆ ಏನು ಮಾಡುತ್ತದೆಂದು ತಿಳಿಯಲು ಒಂದು ಸಣ್ಣ ಗುಣಾಕಾರ ಸಾಕು. ವಸ್ತುವಿನ ಗಾತ್ರವನ್ನು ಫೋಕಲ್ ಲೆಂತ್‌ನಿಂದ ಗುಣಿಸಿ, ದೂರದಿಂದ ಭಾಗಿಸಿದರೆ ಸೆನ್ಸರಿನ ಮೇಲೆ ಬೀಳುವ ಬಿಂಬದ ಗಾತ್ರ ಸಿಗುತ್ತದೆ.

ಕಿರುಮಿಂಚುಳ್ಳಿಯ ಉದ್ದ ಸುಮಾರು 16 ಸೆಂ.ಮೀ. ಅದು 15 ಮೀಟರ್ ದೂರದಲ್ಲಿದ್ದರೆ 600 ಮಿ.ಮೀ. ಲೆನ್ಸಿನಲ್ಲಿ ಅದರ ಬಿಂಬ 6.4 ಮಿ.ಮೀ. ಫುಲ್ ಫ್ರೇಮ್ ಸೆನ್ಸರಿನ ಎತ್ತರ 24 ಮಿ.ಮೀ., ಅಂದರೆ ಹಕ್ಕಿ ತುಂಬಿದ್ದು ಅದರ ಕಾಲುಭಾಗ. 300 ಮಿ.ಮೀ. ಲೆನ್ಸಾದರೆ ಇದರಲ್ಲೂ ಅರ್ಧ. ಆದರೆ ಅದೇ 300ರ ಲೆನ್ಸ್ ಹಿಡಿದು ಏಳೂವರೆ ಮೀಟರಿಗೆ ಹೋದರೆ ಮತ್ತೆ 6.4 ಮಿ.ಮೀ. ಬಿಂಬವೇ! ದೂರ ಅರ್ಧವಾದರೆ ಲೆನ್ಸ್ ಎರಡರಷ್ಟು ಉದ್ದವಾದಂತೆ.

ಸಾಸರಿನಷ್ಟು ಅಗಲದ ಕಿಟಕಿ

ಲೆನ್ಸಿನ ಮೇಲೆ ಬರೆದಿರುವ ಎಫ್ ಸಂಖ್ಯೆ ಬೆಳಕಿನ ಲೆಕ್ಕ. ಫೋಕಲ್ ಲೆಂತ್ ಅನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ಕಿಂಡಿಯ ವ್ಯಾಸ ಸಿಗುತ್ತದೆ. 600 ಮಿ.ಮೀ. ಎಫ್/4 ಪ್ರೈಮ್‌ಗೆ ಇದು 150 ಮಿ.ಮೀ., ಕಾಫಿ ಕಪ್ಪಿನಡಿಯ ಸಾಸರಿನಷ್ಟು ಅಗಲ. ಬಹುತೇಕ ಝೂಮ್‌ಗಳು 600ಕ್ಕೆ ಬಂದಾಗ ಎಫ್/6.3ಕ್ಕೆ ಇಳಿದಿರುತ್ತವೆ. ಅಲ್ಲಿ ಕಿಂಡಿ 95 ಮಿ.ಮೀ. ಬೆಳಕು ನುಗ್ಗುವುದು ವಿಸ್ತೀರ್ಣದ ಲೆಕ್ಕದಲ್ಲಾದ್ದರಿಂದ ಪ್ರೈಮ್‌ಗೆ ಸಿಗುವ ಬೆಳಕು ಸುಮಾರು ಎರಡೂವರೆ ಪಟ್ಟು.

ಕಬಿನಿಯ ಮಬ್ಬಿನಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಪ್ರೈಮ್‌ನಲ್ಲಿ ಸೆಕೆಂಡಿನ 1/250 ಭಾಗದಲ್ಲಿ ಸಿಗುವ ಚಿತ್ರಕ್ಕೆ, ಅದೇ ಐಎಸ್‌ಒದಲ್ಲಿ (ಅಂದರೆ ಸೆನ್ಸರಿನ ಬೆಳಕಿನ ಸಂವೇದನೆ ಅಷ್ಟೇ ಇಟ್ಟರೆ) ಝೂಮ್ 1/100 ಭಾಗ ಶಟರ್ ತೆರೆದಿರಬೇಕು. ಅಷ್ಟರಲ್ಲಿ ಚಿರತೆ ಕಿವಿ ಕೊಡವಿದರೆ ಕಿವಿ ಕಲಸಿಹೋಯಿತು. ಕೈ ನಡುಗಿದರೆ ಲೆನ್ಸಿನೊಳಗಿನ ಸ್ಥಿರೀಕರಣ ವ್ಯವಸ್ಥೆ ಸರಿಪಡಿಸೀತು, ಪ್ರಾಣಿ ಅಲುಗಿದರೆ ಅದರಿಂದೇನೂ ಆಗದು. ಅಗಲವಾದ ಕಿಂಡಿಯಿಂದ ಇನ್ನೊಂದು ಲಾಭವೂ ಇದೆ. ಹಿನ್ನೆಲೆಯ ಎಲೆ, ಕಡ್ಡಿಗಳೆಲ್ಲ ಕರಗಿ ಚಿರತೆಯೊಂದೇ ಎದ್ದು ಕಾಣುತ್ತದೆ.

ಈ ಸುಖಕ್ಕೆ ತೆರಬೇಕಾದದ್ದು ಕಡಿಮೆಯೇನಲ್ಲ. ಲೆನ್ಸಿನ ಬೆಲೆ ಹತ್ತು ಲಕ್ಷ ರೂಪಾಯಿ ದಾಟುತ್ತದೆ, ತೂಕ ಮೂರು ಕಿಲೊ. ಸಾಮಾನ್ಯ ಗಾಜು ಕೆಂಪು, ನೀಲಿ ಬಣ್ಣಗಳನ್ನು ಬೇರೆಬೇರೆ ಬಿಂದುಗಳಲ್ಲಿ ಕೂಡಿಸುತ್ತದೆ. ಫೋಕಲ್ ಲೆಂತ್ ಹೆಚ್ಚಿದಂತೆ ಈ ತಪ್ಪೂ ಬೆಳೆದು ಅಂಚುಗಳಲ್ಲಿ ಬಣ್ಣದ ಗೆರೆ ಮೂಡುತ್ತದೆ. ಅದನ್ನು ತಡೆಯಲು ಫ್ಲೋರೈಟ್ ಹರಳು ಅಥವಾ ವಿಶೇಷ ಗಾಜು ಬೇಕು. ಕ್ಯಾನನ್ ಕಂಪನಿ 1969ರಲ್ಲಿ 300 ಮಿ.ಮೀ. ಲೆನ್ಸಿನಲ್ಲಿ ಫ್ಲೋರೈಟ್ ಬಳಸಿತು. 2018ರಲ್ಲಿ ನಿಕಾನ್ ಹೊರತಂದ 500 ಮಿ.ಮೀ. ಎಫ್/5.6 ಪ್ರೈಮ್‌ನಲ್ಲಿ ಸೂಕ್ಷ್ಮ ವರ್ತುಲಗಳನ್ನು ಕೆತ್ತಿದ ಫ್ರೆನೆಲ್ ಮಾದರಿಯ ಗಾಜಿದೆ. ಹಾಗಾಗಿ ಅದರ ತೂಕ ಒಂದೂವರೆ ಕಿಲೊಗೂ ಕಡಿಮೆ. ಬೆಳಕನ್ನು ಒಂದಿಷ್ಟು ಬಿಟ್ಟುಕೊಟ್ಟು ತೋಳಿಗೆ ಆರಾಮ ತಂದ ಲೆನ್ಸ್ ಅದು.

ನಾಲ್ಕು ಸೆಕೆಂಡಿನ ತೇಜಸ್

ಯಲಹಂಕದಲ್ಲಿ ಈ ಲೆಕ್ಕವೆಲ್ಲ ತಿರುವುಮುರುವು. ತೇಜಸ್ ವಿಮಾನದ ಉದ್ದ 13.2 ಮೀಟರ್. ಒಂದು ಕಿಲೊಮೀಟರ್ ದೂರದಲ್ಲಿ ಅದರ ಮಗ್ಗುಲು ಕಂಡರೆ 600 ಮಿ.ಮೀ. ಲೆನ್ಸಿನಲ್ಲಿ ಬಿಂಬ ಸುಮಾರು 8 ಮಿ.ಮೀ. ಗಂಟೆಗೆ 720 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 200 ಮೀಟರ್. ನಮ್ಮತ್ತ ಬರುತ್ತಿದ್ದರೆ ನಾಲ್ಕೇ ಸೆಕೆಂಡಿನಲ್ಲಿ ಅದು 200 ಮೀಟರ್ ದೂರದಲ್ಲಿರುತ್ತದೆ. ಅಲ್ಲಿ ಮಗ್ಗುಲು ತಿರುಗಿದರೆ ಬಿಂಬ ಸುಮಾರು 40 ಮಿ.ಮೀ., ಸೆನ್ಸರಿನ ಅಗಲ ಬರೀ 36. ಪ್ರೈಮ್ ಹಿಡಿದವರ ಚಿತ್ರದಲ್ಲಿ ಮೂತಿಯೋ ಬಾಲವೋ ಹೊರಗೆ. ಝೂಮ್ ಹಿಡಿದವರು ಉಂಗುರ ತಿರುಗಿಸಿ 300ಕ್ಕೆ ಬಂದರೆ ಇಡೀ ವಿಮಾನ ಚೌಕಟ್ಟಿನೊಳಗೆ, ಸುತ್ತ ಒಂದಿಷ್ಟು ಆಕಾಶ ಕೂಡ.

ಉಂಗುರ ತಿರುಗಿದಾಗ ಒಳಗಿನ ಗಾಜುಗಳ ಒಂದು ಗುಂಪು ಸರಿದು ಬಿಂಬವನ್ನು ಹಿಗ್ಗಿಸುತ್ತದೆ, ಇನ್ನೊಂದು ಗುಂಪು ಫೋಕಸ್ ಕದಲದಂತೆ ನೋಡಿಕೊಳ್ಳುತ್ತದೆ. 35 ಮಿ.ಮೀ. ಸ್ಟಿಲ್ ಕ್ಯಾಮೆರಾಗೆ ಇಂಥ ಮೊದಲ ಲೆನ್ಸ್ ಬಂದಿದ್ದು 1959ರಲ್ಲಿ, ಫೋಕ್ಟ್‌ಲೆಂಡರ್ ಕಂಪನಿಯ ಝೂಮಾರ್. ಎಲ್ಲ ಫೋಕಲ್ ಲೆಂತ್‌ಗಳಲ್ಲೂ ಸ್ಪಷ್ಟತೆ ಉಳಿಸಿಕೊಳ್ಳುವುದು ಕಷ್ಟವಾದ್ದರಿಂದ ಹಳೆಯ ಝೂಮ್‌ಗಳ ಚಿತ್ರ ಮಂಕಾಗಿರುತ್ತಿತ್ತು. ಕಂಪ್ಯೂಟರ್ ವಿನ್ಯಾಸ, ಉತ್ತಮ ಗಾಜು ಬಂದ ಮೇಲೆ ಆ ಅಂತರ ಬಹಳಷ್ಟು ಕುಗ್ಗಿದೆ.

ಯಲಹಂಕದಲ್ಲಿ ಬೆಳಕಿಗಂತೂ ಬರವಿಲ್ಲ. ಬಿಸಿಲಿನಲ್ಲಿ ಐಎಸ್‌ಒ 400 ಇದ್ದರೂ ಎಫ್/8ರಲ್ಲಿ 1/1600 ಸೆಕೆಂಡು ಧಾರಾಳವಾಗಿ ಸಿಗುತ್ತದೆ. ಹೆಲಿಕಾಪ್ಟರ್ ಬಂದರೆ ಇಷ್ಟು ವೇಗವೂ ಬೇಡ. ನಿಮಿಷಕ್ಕೆ ಸುಮಾರು 300 ಸುತ್ತು ತಿರುಗುವ ರೆಕ್ಕೆಗಳು 1/1000 ಸೆಕೆಂಡಿನಲ್ಲಿ ಎರಡು ಡಿಗ್ರಿಯೂ ಸರಿಯುವುದಿಲ್ಲ. ಚಿತ್ರದಲ್ಲಿ ಅವು ನಿಂತೇಬಿಟ್ಟಂತೆ, ಹೆಲಿಕಾಪ್ಟರ್ ಈಗಲೋ ಆಗಲೋ ಬೀಳುವಂತೆ ಕಾಣುತ್ತದೆ. 1/60ಕ್ಕೆ ಇಳಿಸಿದರೆ 30 ಡಿಗ್ರಿ ತಿರುಗಿ, ಹಾರಾಟಕ್ಕೆ ಜೀವ ಬರುತ್ತದೆ.

ಯಾವ ಲೆನ್ಸಿಗೂ ಬಗ್ಗದ ಗಾಳಿ

ಕಾದ ರನ್‌ವೇ ಮೇಲೆ ಬಿಸಿ, ತಂಪು ಗಾಳಿಯ ಪದರಗಳು ಕಲಕಾಡುತ್ತಿರುತ್ತವೆ. ಒಂದೊಂದು ಪದರವೂ ಬೆಳಕನ್ನು ಒಂದೊಂದು ಥರ ಬಗ್ಗಿಸುತ್ತದೆ. ನಕ್ಷತ್ರ ಮಿನುಗುವುದೂ ಇದರಿಂದಲೇ. ಉದ್ದ ಲೆನ್ಸ್ ವಿಮಾನದ ಜತೆಗೆ ಈ ನಡುಕವನ್ನೂ ಹಿಗ್ಗಿಸುತ್ತದೆ. ಲಕ್ಷಗಟ್ಟಲೆ ಸುರಿದರೂ ಇದಕ್ಕೆ ಮದ್ದಿಲ್ಲ. ಬೆಳಗ್ಗೆ ಬೇಗ ಹೋಗಬೇಕು, ಇಲ್ಲವೇ ವಿಮಾನ ನೆಲ ಬಿಟ್ಟು ಮೇಲೇರುವವರೆಗೆ ತಾಳಬೇಕು.

ಹಾಗೆಂದು ಕಾಡಿಗೆ ಪ್ರೈಮ್, ಆಕಾಶಕ್ಕೆ ಝೂಮ್ ಎಂದು ಗೆರೆ ಎಳೆಯಲಾಗದು. 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ದೋಣಿ ಹತ್ತಿ ನೋಡಿ. ಬಂಡೆಯ ಮೇಲಿನ ಮೊಸಳೆ ಹತ್ತಿರದಲ್ಲೇ, ಮೀನಿಗಾಗಿ ನೀರಿಗೆರಗುವ ರೀವ ಹಕ್ಕಿ ದೂರದಲ್ಲಿ. ದೋಣಿ ಓಲಾಡುತ್ತಿರುವಾಗ ಟ್ರೈಪಾಡ್ ಊರುವಂತಿಲ್ಲ, ಎದ್ದು ಹಿಂದೆ ಮುಂದೆ ಸರಿಯುವಂತಿಲ್ಲ. ಅಲ್ಲಿ ಝೂಮ್‌ಗಿಂತ ಒಳ್ಳೆಯ ಜತೆಗಾರ ಇಲ್ಲ.

ಮೊದಲ ಉದ್ದ ಲೆನ್ಸ್ ಕೊಳ್ಳುವವರಿಗೆ ನಾನು ಹೇಳುವುದು 100–400 ಅಥವಾ 200–600ರ ಝೂಮ್. ಒಂದು ವರ್ಷ ಬಳಸಿ, ಆಮೇಲೆ ಕೆಟ್ಟ ಚಿತ್ರಗಳನ್ನು ಮುಂದಿಟ್ಟುಕೊಂಡು ಕೂರಿ. ಹೆಚ್ಚಿನವು ಉದ್ದದ ತುದಿಯಲ್ಲೇ ತೆಗೆದವಾಗಿ, ಮಬ್ಬಿನಲ್ಲಿ ಕಲಸಿಹೋಗಿದ್ದರೆ ನಿಮಗೆ ಪ್ರೈಮ್ ಬೇಕು. ಕೊಳ್ಳುವ ಮುನ್ನ ಎರಡು ದಿನ ಬಾಡಿಗೆಗೆ ತಂದು ತೋಳಿನ ಶಕ್ತಿ ನೋಡಿಕೊಳ್ಳಿ. ‘1.4 ಎಕ್ಸ್’ ಟೆಲಿಕನ್ವರ್ಟರ್ (ಫೋಕಲ್ ಲೆಂತ್ ಹಿಗ್ಗಿಸುವ ಜೋಡಣೆ) ಸಿಕ್ಕಿಸಿದರೆ ಸಾಲದೇ ಎನ್ನುವವರಿಗೆ ಒಂದು ಮಾತು: ಅದು ಬೆಳಕನ್ನು ಅರ್ಧಕ್ಕಿಳಿಸಿ ಎಫ್/6.3ರ ಲೆನ್ಸನ್ನು ಎಫ್/9 ಮಾಡುತ್ತದೆ.

ಕಬಿನಿಯ ಚಿರತೆಯ ಬಳಿಗೆ ಮರಳೋಣ. ದೂರ ಅರ್ಧವಾದರೆ ಲೆನ್ಸ್ ಇಮ್ಮಡಿ ಎಂದೆ. ಆದರೆ ಅಲ್ಲಿ ಜೀಪು ಇಳಿಯುವಂತಿಲ್ಲ, ಗೂಡಿನ ಹಕ್ಕಿಯ ಹತ್ತಿರ ಹೋಗುವುದಂತೂ ತಪ್ಪೇ. ಉಳಿದಿರುವುದು ಕಾಯುವುದು. ಸೂರ್ಯ ಹುಟ್ಟಿದ ಮೊದಲ ಅರ್ಧ ಗಂಟೆಯಲ್ಲಿ ಬಯಲಿನ ಬೆಳಕು ಎರಡೂವರೆ ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಹತ್ತು ಲಕ್ಷದ ಗಾಜು ಕೊಡುವ ಬೆಳಕನ್ನು ಬಿಸಿಲು ಬಿಟ್ಟಿಯಾಗಿ ಕೊಡುತ್ತದೆ, ಚಿರತೆ ಅಲ್ಲಿಯವರೆಗೆ ಮಲಗಿರಲು ಮನಸ್ಸು ಮಾಡಿದರೆ.