ಸ್ವಂತ ವಿಳಾಸವಿಲ್ಲದ ಗಣಕಯಂತ್ರವನ್ನು ತಲುಪುವುದು ಹೇಗೆ?

ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಗಣಕಯಂತ್ರಗಳು ಇಂದು ವಿದ್ಯಾರ್ಥಿಗಳ ಕೈಗೂ ಎಟಕುವಂತಾಗಿವೆ. ೨೦೧೨ರ ಫೆಬ್ರವರಿ ೨೯ರಂದು ಇಂಗ್ಲೆಂಡಿನಲ್ಲಿ ಬಿಡುಗಡೆಯಾದ ‘ರಾಸ್ಪ್‌ಬೆರಿ ಪೈ’ ಇವುಗಳಲ್ಲಿ ಹೆಸರಾದುದು. ಇಂಥ ಯಂತ್ರವನ್ನು ಮನೆಯ ಮೂಲೆಯಲ್ಲಿರಿಸಿ, ಮಳೆಯ ಅಳತೆಯನ್ನು ಅದು ಹಗಲಿರುಳೂ ಬರೆದಿಡುವಂತೆ ಮಾಡಬಹುದು. ಯಂತ್ರದ ಒಡೆಯನು ಓದಿಗಾಗಿ ದೂರದ ಊರಿನ ಹಾಸ್ಟೆಲಿನಲ್ಲಿರುವನೆಂದು ಭಾವಿಸೋಣ. ಅಲ್ಲಿಂದಲೇ ಆ ಲೆಕ್ಕವನ್ನು ನೋಡಹೊರಟರೆ ಅವನಿಗೊಂದು ವಿಚಿತ್ರ ತೊಡಕು ಎದುರಾಗುವುದುಂಟು. ಮನೆಯ ಯಂತ್ರವು ಅಂತರ್ಜಾಲದ ಮೂಲಕ ಜಗತ್ತನ್ನೆಲ್ಲ ತಲುಪಬಲ್ಲುದು. ಜಗತ್ತಿನಿಂದ ಅದನ್ನು ತಲುಪಲು ಮಾತ್ರ ದಾರಿಯಿಲ್ಲ! ಇದಕ್ಕೆ ಕಾರಣವೇನು?

ಅಂತರ್ಜಾಲದಲ್ಲಿ ಸಂದೇಶಗಳು ಸಾಗುವುದು ಐ.ಪಿ. ವಿಳಾಸವೆಂಬ ಅಂಕಿಗಳನ್ನು ನೋಡಿ. ೧೯೮೧ರಲ್ಲಿ ಗೊತ್ತುಪಡಿಸಿದ ಕ್ರಮದಂತೆ ಪ್ರತಿ ವಿಳಾಸದಲ್ಲಿಯೂ ೩೨ ದ್ವಿಮಾನ ಅಂಕಿಗಳಿರುತ್ತವೆ. ಇವುಗಳಿಂದ ರಚಿಸಬಹುದಾದ ವಿಳಾಸಗಳು ಸುಮಾರು ೪೨೯ ಕೋಟಿ. ಅಂದು ಅಪಾರವೆನಿಸಿದ ಈ ಸಂಖ್ಯೆ ಇಂದು ಭೂಮಿಯ ಜನರಿಗೆ ತಲೆಗೊಂದರಂತೆ ಹಂಚಲೂ ಸಾಲದು. ಹಂಚಿಕೆಗಿದ್ದ ಜಾಗತಿಕ ದಾಸ್ತಾನು ೨೦೧೧ರ ಫೆಬ್ರವರಿಯಲ್ಲಿ ಬರಿದಾಯಿತು.

ಈ ಅಭಾವಕ್ಕೆ ಕಂಡುಕೊಂಡ ಉಪಾಯವೇ ವಿಳಾಸ ಪರಿವರ್ತನೆ. ಹತ್ತಾರು ಸಂಸಾರಗಳಿರುವ ವಠಾರವೊಂದನ್ನು ನೆನೆಯಿರಿ. ಅಂಚೆಯವನಿಗೆ ತಿಳಿದಿರುವುದು ಹೆಬ್ಬಾಗಿಲಿನ ನಂಬರೊಂದೇ. ಅಂತೆಯೇ ಮನೆಯೊಳಗಿನ ಯಂತ್ರಗಳಿಗೆ ಸಾಮಾನ್ಯವಾಗಿ ೧೯೨.೧೬೮ ಎಂದು ಮೊದಲಾಗುವ ಖಾಸಗಿ ವಿಳಾಸಗಳಿರುತ್ತವೆ. ಇವೇ ಅಂಕಿಗಳು ಅಸಂಖ್ಯ ಮನೆಗಳಲ್ಲಿ ಬಳಕೆಯಲ್ಲಿರುವುದರಿಂದ ಹೊರಗೆ ಅವಕ್ಕೆ ಅರ್ಥವಿಲ್ಲ. ಹೆಬ್ಬಾಗಿಲಿನ ಕಾವಲುಗಾರನಂತಿರುವ ರೌಟರು, ಒಳಗಿನಿಂದ ಹೊರಡುವ ಸಂದೇಶಗಳಿಗೆ ತನ್ನ ಸಾರ್ವಜನಿಕ ವಿಳಾಸವನ್ನು ಹಚ್ಚಿ, ಕಳಿಸಿದವರಾರೆಂಬುದನ್ನು ಪಟ್ಟಿಯಲ್ಲಿ ಗುರುತಿಸಿಕೊಳ್ಳುತ್ತದೆ. ಉತ್ತರ ಬಂದಾಗ ಪಟ್ಟಿಯನ್ನು ನೋಡಿ ತಕ್ಕವರಿಗೆ ಒಪ್ಪಿಸುತ್ತದೆ. ಕೇಳದೆಯೇ ಬಂದ ಸಂದೇಶವನ್ನು ಯಾರಿಗೆ ಕೊಡಬೇಕೆಂದು ಅದಕ್ಕೆ ತಿಳಿಯದು. ಆದ್ದರಿಂದ ಅದನ್ನು ಕೈಬಿಡುತ್ತದೆ.

ರೌಟರು ನಮ್ಮದೇ ಆದರೆ ‘ಇಂಥ ಸಂದೇಶವನ್ನು ಇಂಥ ಯಂತ್ರಕ್ಕೆ ಕೊಡು’ ಎಂದು ಮೊದಲೇ ಆಜ್ಞಾಪಿಸಬಹುದು. ಆದರೆ ಅನೇಕ ಕಂಪೆನಿಗಳು ತಮ್ಮ ಗ್ರಾಹಕರಲ್ಲಿ ಹಲವರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂಡಿಸುತ್ತವೆ. ವಠಾರಗಳನ್ನೆಲ್ಲ ಸುತ್ತುವರಿದ ಮತ್ತೊಂದು ವಠಾರ! ಅದರ ಹೆಬ್ಬಾಗಿಲು ಕಂಪೆನಿಯ ವಶದಲ್ಲಿರುವುದರಿಂದ ಅಲ್ಲಿ ನಮ್ಮ ಆಜ್ಞೆ ನಡೆಯದು.

ಆದರೂ ಒಂದು ದಾರಿಯುಂಟು. ಹೊರಗಿನಿಂದ ತೆರೆಯಲಾಗದ ಬಾಗಿಲನ್ನು ಒಳಗಿನಿಂದ ತೆರೆಯಬಹುದಲ್ಲವೆ? ೧೯೯೫ರಲ್ಲಿ ಫಿನ್ಲೆಂಡಿನ ತತು ಯ್ಲೋನೆನ್ ಎಂಬಾತನು ರಚಿಸಿದ ‘ಎಸ್.ಎಸ್.ಎಚ್.’ ಎಂಬ ಸಾಧನ ಇದಕ್ಕೆ ನೆರವಾಗುತ್ತದೆ. ಸಾರ್ವಜನಿಕ ವಿಳಾಸವುಳ್ಳ ಮೂರನೆಯ ಯಂತ್ರವೊಂದನ್ನು ಬಾಡಿಗೆಗೆ ಪಡೆಯಬೇಕು. ಮನೆಯ ಯಂತ್ರವು ತಾನಾಗಿಯೇ ಅದರೊಡನೆ ಗುಪ್ತಲಿಪಿಯ ಸಂಪರ್ಕವನ್ನು ಬೆಳೆಸುತ್ತದೆ. ಇದು ಒಳಗಿನಿಂದ ಹೊರಟುದಾದ್ದರಿಂದ ಎರಡು ಹೆಬ್ಬಾಗಿಲುಗಳೂ ತಡೆಯುವುದಿಲ್ಲ. ಹಾಸ್ಟೆಲಿನ ವಿದ್ಯಾರ್ಥಿಯು ಮಧ್ಯದ ಯಂತ್ರವನ್ನು ಕರೆದರೆ, ಅವನ ಮಾತು ಅದೇ ಸಂಪರ್ಕದ ಹಾದಿಯಲ್ಲಿ ಹಿಮ್ಮುಖವಾಗಿ ಸಾಗಿ ಮನೆಯನ್ನು ಸೇರುತ್ತದೆ. ಇದನ್ನು ಹಿಮ್ಮುಖ ಸುರಂಗವೆನ್ನಬಹುದು. ಬಹಳ ಹೊತ್ತು ಸುಮ್ಮನಿದ್ದ ಸಂಪರ್ಕವನ್ನು ರೌಟರು ತನ್ನ ಪಟ್ಟಿಯಿಂದ ಅಳಿಸಿಬಿಡುತ್ತದೆ. ಅದಕ್ಕಾಗಿ ಮನೆಯ ಯಂತ್ರವು ಆಗಾಗ ಚಿಕ್ಕ ಸಂದೇಶವೊಂದನ್ನು ಕಳುಹಿಸುತ್ತಿರಬೇಕು.

ಇಲ್ಲಿ ಎಚ್ಚರಿಕೆಯೂ ಅಗತ್ಯ. ಒಡೆಯನಿಗೆ ತೆರೆದ ದಾರಿ ಕಳ್ಳನಿಗೂ ತೆರೆದೀತು. ಸಾರ್ವಜನಿಕ ವಿಳಾಸಗಳನ್ನು ಒಂದೊಂದಾಗಿ ತಟ್ಟಿ, ಸುಲಭವಾದ ಗುಪ್ತಪದಗಳನ್ನು ಪ್ರಯೋಗಿಸಿ ನೋಡುವ ಯಂತ್ರಗಳು ಅಂತರ್ಜಾಲದಲ್ಲಿ ಎಡೆಬಿಡದೆ ಕೆಲಸಮಾಡುತ್ತಿರುತ್ತವೆ. ಗುಪ್ತಪದವನ್ನು ಬಿಟ್ಟು ಜೋಡಿ ಕೀಲಿಗಳ ಪದ್ಧತಿಯನ್ನು ಅನುಸರಿಸುವುದು ಕ್ಷೇಮ: ಒಂದು ಕೀಲಿ ಮನೆಯ ಯಂತ್ರದಲ್ಲಿ, ಅದಕ್ಕೆ ಹೊಂದುವ ರಹಸ್ಯ ಕೀಲಿ ಒಡೆಯನ ಬಳಿ ಮಾತ್ರ.

ವಿಳಾಸಗಳ ಅಭಾವಕ್ಕೆ ಮೂಲ ಪರಿಹಾರವೂ ಉಂಟು. ಐ.ಪಿ. ಕ್ರಮದ ಆರನೆಯ ಆವೃತ್ತಿಯಲ್ಲಿ ವಿಳಾಸಕ್ಕೆ ೧೨೮ ದ್ವಿಮಾನ ಅಂಕಿಗಳು; ಅದರಿಂದ ದೊರೆಯುವ ವಿಳಾಸಗಳ ಸಂಖ್ಯೆಯನ್ನು ಬರೆಯಲು ೩೯ ಸ್ಥಾನಗಳು ಬೇಕು. ಅದು ಎಲ್ಲೆಡೆ ಹಬ್ಬಿದಾಗ ಪ್ರತಿಯೊಂದು ಯಂತ್ರಕ್ಕೂ ಸ್ವಂತ ವಿಳಾಸ ದೊರೆಯಬಹುದು. ಅಂದಿಗೂ ಬಾಗಿಲಿಗೆ ಕಾವಲಂತೂ ಬೇಕೇಬೇಕು. ಆದರೆ ಆ ಕಾವಲನ್ನು ನಾವೇ ತಿಳಿದು ಏರ್ಪಡಿಸಬೇಕಾಗುತ್ತದೆ. ವಿಳಾಸಗಳ ಕೊರತೆ ನಮಗಾಗಿ ಅದನ್ನು ಮಾಡದು.