ಕ್ಲೋ ದ ವೂಜೋ: ನೆಲದ ಗುಣವೂ ಗೋಡೆಯ ಚರಿತ್ರೆಯೂ

ದ್ರಾಕ್ಷಾಮದ್ಯದ ರುಚಿಯನ್ನು ಅದು ಹುಟ್ಟಿದ ನೆಲದ ಮಣ್ಣು, ಇಳಿಜಾರು, ಹವೆಗಳು ನಿರ್ಧರಿಸುತ್ತವೆಂಬ ಭಾವನೆ ಫ್ರಾನ್ಸಿನಲ್ಲಿ ಬಹುಕಾಲದಿಂದ ಬೇರೂರಿದೆ. ಈ ನೆಲಗುಣವನ್ನು ಅಲ್ಲಿಯವರು 'ತೆರ್ವಾರ್' ಎನ್ನುತ್ತಾರೆ. ಇದು ಕೇವಲ ಪ್ರಕೃತಿಯ ಕೊಡುಗೆಯೇ, ಅಥವಾ ಮನುಷ್ಯನ ಚರಿತ್ರೆಗೂ ಇದರಲ್ಲಿ ಪಾಲುಂಟೇ? ಬರ್ಗಂಡಿ ಪ್ರಾಂತದ ಕ್ಲೋ ದ ವೂಜೋ ತೋಟವನ್ನು ನಿದರ್ಶನವಾಗಿಟ್ಟುಕೊಂಡು ನಾವು ಈ ಪ್ರಶ್ನೆಯನ್ನು ಪರಿಶೀಲಿಸೋಣ.

ದಿಜೋನ್ ಮತ್ತು ಬೋನ್ ನಗರಗಳ ನಡುವಣ ಈ ತೋಟದ ವಿಸ್ತಾರ ಸುಮಾರು 50 ಹೆಕ್ಟೇರು, ಎಂದರೆ 125 ಎಕರೆ. 1098ರಲ್ಲಿ ಸ್ಥಾಪಿತವಾದ ಸಿತೋ ಮಠದ ಸಿಸ್ಟರ್ಷಿಯನ್ ಸಂನ್ಯಾಸಿಗಳು 12ನೆಯ ಶತಮಾನದ ಆದಿಯಿಂದ ದಾನವಾಗಿಯೂ ಕ್ರಯಕ್ಕೂ ದೊರೆತ ಭೂಮಿಗಳನ್ನು ಇಲ್ಲಿ ಕೂಡಿಸುತ್ತ ಬಂದರು. 1336ರ ವೇಳೆಗೆ ಅದರ ಸುತ್ತ ಕಲ್ಲಿನ ಗೋಡೆ ಪೂರ್ಣಗೊಂಡಿತ್ತು. 'ಕ್ಲೋ' ಎಂದರೆ ಆವರಣವೆಂದೇ ಅರ್ಥ.

ಗೋಡೆ ಒಂದೇ ಆದರೂ ಒಳಗಣ ನೆಲ ಒಂದೇ ಬಗೆಯದಲ್ಲ. ಇಳಿಜಾರಿನ ಮೇಲ್ಭಾಗದಲ್ಲಿ ಸುಣ್ಣಕಲ್ಲಿನ ಮೇಲೆ ತೆಳುವಾದ ಗರಸು ಮಣ್ಣಿದ್ದು ನೀರು ಬೇಗನೆ ಬಸಿದುಹೋಗುತ್ತದೆ. ನಡುಭಾಗದಲ್ಲಿ ಜೇಡಿಯ ಅಂಶ ಹೆಚ್ಚುತ್ತದೆ. ಹೆದ್ದಾರಿಯ ಬದಿಯ ಕೆಳಭಾಗದಲ್ಲಿ ಮೆಕ್ಕಲು ಆಳವಾಗಿದ್ದು, ಮಳೆ ಹೆಚ್ಚಾದ ವರ್ಷಗಳಲ್ಲಿ ಬೇರುಗಳಿಗೆ ಅತಿಯಾದ ತೇವ ತಗಲುತ್ತದೆ. ಮೇಲಿನ ಮದ್ಯ ಪೋಪರಿಗೆ, ನಡುವಿನದು ಅರಸರಿಗೆ, ಕೆಳಗಿನದು ಸಂನ್ಯಾಸಿಗಳಿಗೆ ಎಂಬ ಮಾತೊಂದು ಪ್ರಚಲಿತವಾಗಿದೆ. ಇದನ್ನು ಐತಿಹ್ಯವೆಂದೇ ಎಣಿಸಬೇಕು. ಆದರೂ ನೆಲದ ತಾರತಮ್ಯವನ್ನು ಜನರು ಬಲ್ಲರೆಂಬುದನ್ನು ಅದು ಸೂಚಿಸುತ್ತದೆ.

1789ರಲ್ಲಿ ಫ್ರೆಂಚ್ ಕ್ರಾಂತಿಯ ಸರಕಾರ ಚರ್ಚಿನ ಆಸ್ತಿಯನ್ನು ರಾಷ್ಟ್ರದ ವಶಕ್ಕೆ ತೆಗೆದುಕೊಂಡಿತು. 1791ರಲ್ಲಿ ತೋಟ ಮಾರಾಟವಾಯಿತು. 1818ರಲ್ಲಿ ಊವ್ರಾರ್ ಮನೆತನಕ್ಕೆ ಸೇರಿ, 1889ರವರೆಗೂ ಅಖಂಡವಾಗಿಯೇ ಉಳಿಯಿತು. ಅನಂತರ ಹಲವರಿಗೆ ವಿಕ್ರಯವಾಯಿತು. ಮಕ್ಕಳಿಗೆ ಸಮಪಾಲು ವಿಧಿಸುವ ದಾಯವಿಭಾಗದ ಕಾನೂನು ಅದನ್ನು ಮತ್ತಷ್ಟು ಒಡೆಯಿತು. ಇಂದು ಸುಮಾರು 80 ಮಂದಿ ಒಡೆಯರಿದ್ದಾರೆ. ಹಿಂದೆ ಒಬ್ಬನೇ ಒಡೆಯನು ಮೂರು ಭಾಗಗಳ ರಸವನ್ನೂ ಬೆರೆಸಬಹುದಾಗಿತ್ತು. ಈಗ ಕೆಲವೇ ಸಾಲು ಬಳ್ಳಿಗಳಿರುವವನಿಗೆ ಆ ಅನುಕೂಲವಿಲ್ಲ.

ಹೀಗಿದ್ದರೂ 1937ರ ಶಾಸನವು ಗೋಡೆಯೊಳಗಣ ದ್ರಾಕ್ಷಾಭೂಮಿಗೆಲ್ಲ 'ಗ್ರಾಂ ಕ್ರೂ' ಎಂಬ ಅತ್ಯುಚ್ಚ ದರ್ಜೆಯನ್ನೇ ನೀಡಿತು. ಇಲ್ಲಿ ಕಾನೂನು ಅನುಸರಿಸಿದುದು ಮಣ್ಣಿನ ಭೇದವನ್ನಲ್ಲ, ಸಂನ್ಯಾಸಿಗಳು ಎಳೆದ ಎಲ್ಲೆಯನ್ನು. 2015ರಲ್ಲಿ ಯುನೆಸ್ಕೊ ಬರ್ಗಂಡಿಯ ದ್ರಾಕ್ಷಾಕ್ಷೇತ್ರಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗಲೂ ಅವನ್ನು ಸಾಂಸ್ಕೃತಿಕ ತಾಣವೆಂದೇ ಪರಿಗಣಿಸಿತು. ಆದುದರಿಂದ ತೆರ್ವಾರನ್ನು ಅರಿಯಲು ಭೂವಿಜ್ಞಾನವೊಂದೇ ಸಾಲದು. ದಾನಪತ್ರ, ಕ್ರಯಪತ್ರ, ದಾಯಭಾಗಗಳನ್ನೂ ಓದಬೇಕಾಗುತ್ತದೆಂಬುದು ನಮ್ಮ ಅಭಿಪ್ರಾಯ.